ಜಟ್ಟೆಪ್ಪ ಮಾಸ್ತರ ಬಂದ

ಹಿಂದಿನ ದಿನ ಮಧ್ಯಾಹ್ನ ಕಾವೇರಿ ತನ್ನ ಗೊಂಬೆಯನ್ನು ಗದರಿಸಿದ್ದು ನಿರ್ಮಲಾಳ ತಲೆಯಿಂದ ಇನ್ನೂ ಇಳಿದಿರಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಅದು ಜೊತೆಗಿತ್ತು, ಗಂಡನ ಬುತ್ತಿ ಕಟ್ಟುವಾಗ ಇತ್ತು, ಈಗ ಅಂಗನವಾಡಿಯ ಬೀಗ ತೆಗೆದು ಒಳಗಿನ ಬಿಸಿಗಾಳಿ ಮುಖಕ್ಕೆ ಬಡಿದಾಗಲೂ ಅದು ಆ ಕೋಣೆಯಲ್ಲೇ ಕೂತು ಅವಳಿಗಾಗಿ ಕಾಯುತ್ತಿದ್ದ ಹಾಗೆ ಎದುರಾಯಿತು. ಅಂಥ ದೊಡ್ಡ ಸಂಗತಿಯೇನಲ್ಲ. ಮಕ್ಕಳೆಲ್ಲ ಮಲಗುವ ಹೊತ್ತು. ಇನ್ನೆರಡು ತಿಂಗಳಿಗೆ ಆರು ತುಂಬಲಿರುವ ಕಾವೇರಿ ಗೋಡೆಯ ಕಡೆ ಮುಖಮಾಡಿ, ಕೈಮುರಿದ ಗೊಂಬೆಯನ್ನು ಚಾಪೆಯ ಮೇಲೆ ಮಲಗಿಸಿ, ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆರಳೆತ್ತಿ ಹೇಳಿದ್ದಳು: “ಬಾಯಿ ಮುಚ್ಚತೀಯೋ ಇಲ್ಲೋ? ಅಗಾ ನೋಡು, ಜಟ್ಟೆಪ್ಪ ಮಾಸ್ತರ ಬಂದ. ಎರಡೂ ಕಿವಿ ಹರಕೊಂಡ ಹೊಕ್ಕಾನ.” ಬರೀ ಮಾತಾಗಿದ್ದರೆ ನಿರ್ಮಲಾ ನಕ್ಕು ಮರೆಯುತ್ತಿದ್ದಳೋ ಏನೋ. ಆದರೆ ‘ಬಂದ’ ಎನ್ನುವಲ್ಲಿ ದನಿಯನ್ನು ಇಳಿಸಿ, ಅರೆಗಳಿಗೆ ತಡೆದು, ಕಿಟಕಿಯ ಕಡೆ ಕಣ್ಣು ಹೊರಳಿಸುವ ಆ ರೀತಿ ಇತ್ತಲ್ಲ, ಅದು ನಿರ್ಮಲಾಳದೇ. ಹನ್ನೊಂದು ವರ್ಷದಿಂದ ಅವಳದೇ. ತನ್ನ ಬಾಯಿಂದ ಹೊರಟದ್ದನ್ನು ಅವಳು ಎಂದೂ ಹೊರಗೆ ನಿಂತು ಕೇಳಿರಲಿಲ್ಲ. ಗೊಂಬೆ ಕಣ್ಣು ಮುಚ್ಚದೆ ಸೂರು ನೋಡುತ್ತಿತ್ತು. ಕಾವೇರಿ ಬಗ್ಗಿ ಅದರ ಎರಡೂ ಕಿವಿಗಳನ್ನು ತನ್ನ ಅಂಗೈಯಿಂದ ಮುಚ್ಚಿ, ತಾನೇ ಹೆದರಿಸಿದ್ದನ್ನು ತಾನೇ ಕಾಯುತ್ತ ಹಾಗೆಯೇ ನಿದ್ದೆಹೋಗಿದ್ದಳು.

ಕರ್ಜಗಿಯಿಂದ ಒಳಗಿನ ದಾರಿ ಹಿಡಿದು ನಾಲ್ಕು ಕಿಲೋಮೀಟರು ಬಂದರೆ ಸಿಗುವ ಆ ಊರಿನಲ್ಲಿ ಅಂಗನವಾಡಿ ಇರುವುದು ಸರಕಾರಿ ಶಾಲೆಯ ಆವರಣದ ಮೂಲೆಯಲ್ಲೇ. ಅದರ ಕಿಟಕಿಯಿಂದ ಒಂದನೇ ತರಗತಿಯ ಬಾಗಿಲು ಕಾಣುತ್ತದೆ. ನಡುವೆ ಇರುವುದು ಒಂದು ಬೇವಿನ ಮರ, ನೀರಿನ ಟಾಕಿ, ಐವತ್ತು ಹೆಜ್ಜೆಯ ಬಯಲು. ಅಂಗನವಾಡಿಯ ಹದಿನೆಂಟು ಮಕ್ಕಳಲ್ಲಿ ಜೂನಿನಲ್ಲಿ ಶಾಲೆ ಸೇರಲಿರುವ ಏಳು ಮಕ್ಕಳನ್ನು ಇವತ್ತಿನಿಂದ ಒಂದು ವಾರ, ದಿನಕ್ಕೊಂದು ತಾಸು, ಆ ಬಯಲು ದಾಟಿಸಿ ಕೂರಿಸಿ ಬರಬೇಕು. ಕೋಣೆ, ಹಲಗೆ, ಮಾಸ್ತರರು ಎಲ್ಲ ರೂಢಿಯಾಗಬೇಕು ಎಂದು ಹಾವೇರಿಯ ತರಬೇತಿಯಲ್ಲಿ ಹೇಳಿ ಕಳಿಸಿದ್ದರು. ಮಗುವಿಗೊಂದರಂತೆ ಹಾಳೆ ಕೊಟ್ಟಿದ್ದರು. ಮಗು ತಾನೇ ಚಪ್ಪಲಿ ಹಾಕಿಕೊಳ್ಳುತ್ತದೆಯೇ, ಬಣ್ಣ ಗುರುತಿಸುತ್ತದೆಯೇ, ಶಾಲೆಗೆ ಹೋಗಲು ಉತ್ಸಾಹ ತೋರುತ್ತದೆಯೇ. ಕೊನೆಯ ಸಾಲಿನ ಎದುರು ಅವಳು ರಾತ್ರಿಯೇ ಏಳು ಹಾಳೆಗಳಲ್ಲೂ ‘ಹೌದು’ ಎಂದು ಗುರುತು ಹಾಕಿ ಮುಗಿಸಿದ್ದಳು. ತರಬೇತಿ ಕೊಡುತ್ತಿದ್ದ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡವಳು, ನೀವೆಲ್ಲ ಮಕ್ಕಳಿಗೆ ಯಾವುದರ ಅಂಜಿಕೆ ಹಾಕುತ್ತೀರಿ, ಖರೇ ಹೇಳಿ ಎಂದು ಕೇಳಿದಾಗ ಉಳಿದವರೆಲ್ಲ ನಗುತ್ತ ಪೊಲೀಸ, ದೆವ್ವ, ಸೂಜಿ ಎಂದು ಒಪ್ಪಿಕೊಂಡಿದ್ದರು. ನಿರ್ಮಲಾ ಮಾತ್ರ “ನಮ್ಮಲ್ಲಿ ಹಂಗೇನೂ ಹಾಕೂದಿಲ್ರಿ” ಎಂದಿದ್ದಳು. ಆ ಹುಡುಗಿ ಅವಳನ್ನು ಎದ್ದು ನಿಲ್ಲಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದ್ದಳು. ಅಷ್ಟು ಹೊತ್ತು ನಿಂತಿದ್ದಾಗ ಅವಳಿಗೆ ಸುಳ್ಳು ಹೇಳಿದ ಭಾವವೇ ಇರಲಿಲ್ಲ. ದೆವ್ವದ ಹೆಸರು ಹೇಳಿದವಳಲ್ಲ, ಪೊಲೀಸನ ಹೆಸರು ಹೇಳಿದವಳಲ್ಲ. ಬದುಕಿರುವ ಒಬ್ಬ ಮನುಷ್ಯನ ಹೆಸರು ಆ ಪಟ್ಟಿಯಲ್ಲಿ ಬರುತ್ತದೆ ಎಂದು ಹೊಳೆದಿರಲೇ ಇಲ್ಲ.

“ಯಾಕ್ರಿ ಅಕ್ಕೋರ, ಮೈಯಾಗ ಆರಾಮ ಇಲ್ಲೇನ್ರಿ?” ಎಂದಳು ಸಹಾಯಕಿ ಬಸವಣ್ಣೆವ್ವ. ಅರವತ್ತರ ಹತ್ತಿರದ ಹೆಂಗಸು, ಒಲೆಯ ಮೇಲೆ ಬೇಳೆ ಇಟ್ಟು ಬಂದು ಮೈಲೇಶನ ಮೂಗು ಒರೆಸುತ್ತಿದ್ದಳು. ಏನಿಲ್ಲ, ಬಿಸಿಲು ಎಂದಳು ನಿರ್ಮಲಾ. ಉಳಿದವರನ್ನು ಬಸವಣ್ಣೆವ್ವನಿಗೆ ಬಿಟ್ಟು, ಏಳೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತಲೆ ಬಾಚಿದಳು, ಉಗುರು ನೋಡಿದಳು, ಒಬ್ಬರ ಅಂಗಿ ಇನ್ನೊಬ್ಬರು ಹಿಡಿದು ರೈಲು ಮಾಡಿಸಿದಳು. ರೈಲು ಎಂದರೆ ಕೂಗುತ್ತ ಓಡುವ ಮಕ್ಕಳು ಇವತ್ತು ಕೂಗಲಿಲ್ಲ. ಹನ್ನೊಂದು ವರ್ಷ ಇದೇ ಮೌನವನ್ನು ಅವಳು ಶಿಸ್ತು ಎಂದುಕೊಂಡಿದ್ದಳು. ತಾಲೂಕಿನ ಉತ್ತಮ ಕೇಂದ್ರವೆಂದು ಶಾಲು ಹೊದಿಸಿದ ದಿನ ವೇದಿಕೆಯ ಮೇಲಿನವರು ಹೇಳಿದ್ದೂ ಅದನ್ನೇ: ಈ ಅಂಗನವಾಡಿಯ ಮುಂದೆ ಹಾದುಹೋದರೆ ಒಳಗೆ ಮಕ್ಕಳಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ಆಗ ಹಿಗ್ಗಿದ್ದ ಅದೇ ಮಾತು ಈಗ ಬಾಚಣಿಕೆ ಹಿಡಿದು ನಿಂತವಳಿಗೆ ಬೇರೆಯೇ ಆಗಿ ಕೇಳಿತು. ಬಾಗಿಲು ದಾಟುವಾಗ ಕಾವೇರಿಯ ಕೈ ಅವಳ ಕೈಯೊಳಗೆ ಬೆವೆತಿತ್ತು.

ಬಯಲಿನ ಅರ್ಧಕ್ಕೆ ಯಾರೋ ಕೊನೆಯ ಸಲ ಬಿಡಿಸಿದ ಮೆಣಸಿನಕಾಯಿ ಹರವಿದ್ದರು. ಇನ್ನೆರಡು ದಿನ ಒಣಗಿದರೆ ಬ್ಯಾಡಗಿ ಪೇಟೆಗೆ ಹೋಗುವ ಮಾಲು. ಅದರ ಅಂಚು ಹಿಡಿದು ರೈಲು ಸಾಗಿತು. ಒಂದನೇ ತರಗತಿಯ ಬಾಗಿಲಲ್ಲಿ ಜಟ್ಟೆಪ್ಪ ಮಾಸ್ತರರು ಮೊದಲೇ ಬಂದು ನಿಂತಿದ್ದರು. ಐವತ್ತು ದಾಟಿದ, ತುಸು ಬಾಗಿದ ಎತ್ತರದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಅವರ ಹಿಂದೆ ಬಾಗಿಲಿಗೆ ಬಣ್ಣದ ಕಾಗದದ ಮಾಲೆ ಕಟ್ಟಿತ್ತು. ಅದನ್ನು ಅವರೇ ಕತ್ತರಿಸಿ ಅಂಟಿಸಿದ್ದಾರೆಂದು ಅಂಟಿನ ಕಲೆಗಳಿಂದ ಗೊತ್ತಾಗುತ್ತಿತ್ತು. ಇಲಾಖೆಯ ವಾಟ್ಸಾಪ್ ಗುಂಪಿಗೆ ಕಳಿಸಬೇಕಾದ ಫೋಟೋಗಾಗಿ ನಿರ್ಮಲಾ ಮೊಬೈಲು ಎತ್ತಿದಳು. ಮಾಸ್ತರರು ಎರಡು ಹೆಜ್ಜೆ ಮುಂದೆ ಬಂದು, ಮುಖದ ತುಂಬ ನಗುತ್ತ, ಎರಡೂ ಕೈ ಚಾಚಿ, “ಬರ್ರಿ ಬರ್ರಿ, ಬರ್ರೆಪಾ ಎಲ್ಲಾರೂ” ಎಂದರು. ರೈಲು ನಿಂತಿತು. ಮೊದಲು ಕಾವೇರಿ, ಆಮೇಲೆ ಮೈಲೇಶ, ಅವನ ಹಿಂದೆ ದೀಪಿಕಾ, ಹೀಗೆ ಏಳೂ ಮಕ್ಕಳು ಒಬ್ಬರೊಬ್ಬರಾಗಿ ಹಿಡಿದ ಅಂಗಿ ಬಿಟ್ಟು ತಮ್ಮ ಎರಡೂ ಕಿವಿಗಳನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡರು. ಯಾರೂ ಅಳಲಿಲ್ಲ. ಮೊಣಕೈಗಳು ಅಕ್ಕಪಕ್ಕಕ್ಕೆ ಚಾಚಿ, ಏಳು ಜೊತೆ ಕಣ್ಣುಗಳು ಮಾಸ್ತರರ ಕೈಗಳನ್ನೇ ನೋಡುತ್ತಿದ್ದವು. ನಿರ್ಮಲಾಳ ಬೆರಳು ತನ್ನಷ್ಟಕ್ಕೆ ತಾನೇ ಫೋಟೋ ತೆಗೆದುಬಿಟ್ಟಿತು.

ಮಾಸ್ತರರು ಚಾಚಿದ ಕೈಗಳನ್ನು ಮೆಲ್ಲಗೆ ಬೆನ್ನ ಹಿಂದೆ ಕಟ್ಟಿಕೊಂಡರು. ಆ ಕೆಲಸ ಎಷ್ಟು ರೂಢಿಯಿಂದ ಆಯಿತೆಂದರೆ, ಪ್ರತಿವರ್ಷ ಜೂನಿನ ಮೊದಲ ದಿನ ಅವರು ಇದನ್ನೇ ಮಾಡುತ್ತ ಬಂದಿರಬೇಕು ಎಂದು ಅವಳಿಗೆ ಥಟ್ಟನೆ ತಿಳಿದುಹೋಯಿತು. “ಮೆಣಸಿನಕಾಯಿ ಘಾಟಿಗೆ ಇರಬೇಕಲ್ರಿ ಅಕ್ಕೋರ” ಎಂದರು ಅವರು, ಮಕ್ಕಳ ಪರವಾಗಿ, ಅವಳ ಪರವಾಗಿ. ಘಾಟಿಗೆ ಮೂಗು ಮುಚ್ಚಿಕೊಳ್ಳುತ್ತಾರೆ, ಕಿವಿಯನ್ನಲ್ಲ. “ಹೌದ್ರಿ ಸರ, ಘಾಟ ಭಾಳ ಐತಿ” ಎಂದಳು ನಿರ್ಮಲಾ. ಎಂದ ಮೇಲೆ ಒಂದು ಸಲ ಕೆಮ್ಮಿಯೂ ತೋರಿಸಿದಳು. ಆ ಕೆಮ್ಮು ನೆನಪಾದಾಗ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಇನ್ನೂ ಸ್ವಲ್ಪ ಹೊತ್ತಿನ ಮೇಲೆ.

ತಾಸು ಕಳೆಯಿತು. ಮಕ್ಕಳು ಬಾಗಿಲ ಪಕ್ಕದ ಗೋಡೆಗೆ ಒತ್ತಿ ಕೂತರು. ಮಾಸ್ತರರು ದೂರದ ಹಲಗೆಯ ಹತ್ತಿರವೇ ನಿಂತು ಆನೆ ಬರೆದರು, ನವಿಲು ಬರೆದರು, ಅದೇನು ಇದೇನು ಎಂದು ಕೇಳಿದರು. ಅವರ ದನಿ ಆ ಗೋಡೆಯವರೆಗೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹಿಂದೆ ಹೀಗಿರಲಿಲ್ಲ ಎಂದು ನಿರ್ಮಲಾಗೆ ನೆನಪಾಯಿತು. ದೇವರಗುಡ್ಡದ ಕಡೆಯ ಹಳ್ಳಿಯಿಂದ ವರ್ಗವಾಗಿ ಬಂದ ಮೊದಲ ವರ್ಷ ಅವರು ಮಗ್ಗಿ ಹೇಳಿಸಿದರೆ ಊರ ಬಸ್ ನಿಲ್ದಾಣದವರೆಗೂ ಕೇಳುತ್ತಿತ್ತು. ಕಿವಿಯ ಮೇಲೆ ಸುಣ್ಣದ ಬಳಪ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. ಆ ವರ್ಷವೇ ಒಂದು ದಿನ ಮೇಲ್ವಿಚಾರಕಿ ಹೇಳದೆ ಕೇಳದೆ ಬಂದು, ಕಿರುಚಾಡುತ್ತಿದ್ದ ಇಪ್ಪತ್ತೆರಡು ಮಕ್ಕಳ ನಡುವೆ ನಿಂತು, “ಏನ್ರಿ ಇದು, ಸಂತಿ ಮಾಡೀರೇನು? ಮಕ್ಕಳನ್ನ ಸುಮ್ಮ ಕುಂದ್ರಸಾಕ ಬರೂದಿಲ್ಲಂದ್ರ ಯಾಕ ಬಂದ್ರಿ ಈ ಕೆಲಸಕ್ಕ?” ಎಂದಿದ್ದಳು. ಬಾಗಿಲಲ್ಲಿ ಕೆಲವು ತಾಯಂದಿರೂ ನಿಂತಿದ್ದರು, ಅವರಲ್ಲಿ ನಿರ್ಮಲಾಳ ನಾದಿನಿಯೂ ಇದ್ದಳು. ಅದೇ ಹೊತ್ತಿಗೆ ಕಿಟಕಿಯಾಚೆ ಮಾಸ್ತರರು ಯಾರನ್ನೋ ಜೋರಾಗಿ ಕರೆಯುತ್ತ ಹಾದುಹೋದರು. ಅಗಾ ನೋಡ್ರಿ, ಜಟ್ಟೆಪ್ಪ ಮಾಸ್ತರ ಬಂದ, ಅತ್ತಾವರ ಕಿವಿ ಹರಕೊಂಡ ಹೊಕ್ಕಾನ ಎಂದುಬಿಟ್ಟಳು ನಿರ್ಮಲಾ. ಯಾಕೆ ಕಿವಿ? ಆ ಬಳಪ ಕಂಡದ್ದಕ್ಕೆ ಇರಬಹುದು. ಕೋಣೆ ಒಮ್ಮೆಲೇ ಸ್ತಬ್ಧವಾಯಿತು. ಮೇಲ್ವಿಚಾರಕಿ ಹುಬ್ಬೇರಿಸಿ ನೋಡಿದಳು. ಆ ಮೌನದ ರುಚಿ ಅವತ್ತು ನಾಲಗೆಗೆ ಹತ್ತಿದ್ದು ಆಮೇಲೆ ಬಿಡಲಿಲ್ಲ. ಎದುರಿಗೆ ‘ಸರ ಬರ್ರಿ, ಚಾ ತಗೋರಿ’. ಮಕ್ಕಳ ಮುಂದೆ ‘ಮಾಸ್ತರ ಬಂದ’. ಇವೆರಡೂ ಒಂದೇ ಬಾಯಲ್ಲಿ ಒಂದನ್ನೊಂದು ತಾಕದೆ ಬಾಳಿದ್ದವು. ಒಮ್ಮೆ ನಿರ್ಮಲಾಳ ಮಗಳಿಗೆ ಜ್ವರ ತಲೆಗೇರಿ ಕಣ್ಣು ಮೇಲೆ ಮಾಡಿದಾಗ, ಬಸ್ಸಿಲ್ಲದ ಹೊತ್ತಿನಲ್ಲಿ, ಇದೇ ಮಾಸ್ತರರು ಪಾಠ ಬಿಟ್ಟು ತಾಯಿ ಮಗಳನ್ನು ಬೈಕಿನ ಮೇಲೆ ಹಾವೇರಿಗೆ ಮುಟ್ಟಿಸಿದ್ದರು. ದಾರಿಯುದ್ದಕ್ಕೂ ‘ಅಂಜಬ್ಯಾಡ್ರಿ, ಅಂಜಬ್ಯಾಡ್ರಿ’ ಎನ್ನುತ್ತಲೇ ಇದ್ದರು. ಮೂರನೆಯ ದಿನ ಕೆಲಸಕ್ಕೆ ಮರಳಿದ ನಿರ್ಮಲಾ, ಮಧ್ಯಾಹ್ನ ಮಲಗದ ಒಂದು ಮಗುವಿಗೆ ಕಿಟಕಿ ತೋರಿಸಿದ್ದಳು. ತೋರಿಸಿದ ಮೇಲೂ ಏನೂ ಅನ್ನಿಸಿರಲಿಲ್ಲ. ಏನೂ ಅನ್ನಿಸದೇ ಇದ್ದದ್ದು ಅವಳಿಗೆ ತಿಳಿದದ್ದೇ ಈಗ, ಗೋಡೆಗೆ ಒರಗಿ ನಿಂತಾಗ.

ಮರಳಿ ಬರುವಾಗ ರೈಲು ಚುರುಕಾಗಿತ್ತು. ನೀರಿನ ಟಾಕಿಯ ಹತ್ತಿರ ಕಾವೇರಿ ಅವಳ ಸೀರೆ ಜಗ್ಗಿದಳು. ಗುಟ್ಟು ಹೇಳುವವಳ ಹಾಗೆ ಮುಖ ಮೇಲೆತ್ತಿ, “ಅಕ್ಕೋರ, ಇವತ್ತ ಹರೀಲಿಲ್ರಿ. ನಾಳಿ ಹರೀತಾರೇನ್ರಿ?” ಎಂದಳು. ಅವಳ ದನಿಯಲ್ಲಿ ದೂರೂ ಇರಲಿಲ್ಲ, ಅಳುವೂ ಇರಲಿಲ್ಲ. ಕಿವಿ ಹೋಗುವುದು ನಿಶ್ಚಯ, ದಿನ ಯಾವುದು ಎಂದಷ್ಟೇ ತಿಳಿಯಬೇಕಿತ್ತು. ಈ ಮಗು ಇದನ್ನು ಎಷ್ಟು ದಿನದಿಂದ ಹೊತ್ತು ತಿರುಗುತ್ತಿದೆ? ಜೂನ್ ಬಂದರೆ ಆ ಬಾಗಿಲಿಗೆ ದಿನಾ ಹೋಗಬೇಕೆಂದು ಗೊತ್ತಿದ್ದೂ, ಮನೆಯಲ್ಲಿ ಹೊಸ ಅಂಗಿ ಹೊಲಿಸುವಾಗ ಇದರ ತಲೆಯಲ್ಲಿ ಏನು ಓಡಿರಬಹುದು? ನಿರ್ಮಲಾ ಮಕ್ಕಳನ್ನು ಒಳಗೆ ಬಿಟ್ಟು, ಫೋಟೋ ಕಳಿಸಲೆಂದು ಮೊಬೈಲು ತೆಗೆದಳು. ಚಿತ್ರದಲ್ಲಿ ಮಕ್ಕಳಿಗಿಂತ ಮೊದಲು ಕಂಡದ್ದು ಮಾಸ್ತರರ ಮುಖ. ನಗು ಇನ್ನೂ ತುಟಿಯ ಮೇಲಿತ್ತು, ಆದರೆ ಕಣ್ಣು ಆಗಲೇ ಮಕ್ಕಳ ಕೈಗಳನ್ನು ಕಂಡುಬಿಟ್ಟಿತ್ತು. ಎರಡರ ನಡುವೆ ಸಿಕ್ಕಿಬಿದ್ದ ಆ ಮುಖವನ್ನು ಅವಳು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಪಕ್ಕದ ಮನೆಯವರಷ್ಟು ಹತ್ತಿರ ಹನ್ನೊಂದು ವರ್ಷ ಇದ್ದ ಈ ಮನುಷ್ಯನನ್ನು ಎಂದಾದರೂ ಹೀಗೆ ನೋಡಿದ್ದೆನೇ? “ಬಸವಣ್ಣೆವ್ವಾ, ಹುಡುಗ್ರನ್ನ ನೋಡ್ಕೋ. ಬಂದೆ” ಎಂದು ಅವಳು ಚಪ್ಪಲಿ ಮೆಟ್ಟಿದಳು. ಮೆಟ್ಟಿದ ಮೇಲೆ ಒಂದು ಸಲ ಬಿಚ್ಚಿ ಒಳಗೆ ಬಂದಳು. ನಾಳೆ ಹೇಳಿದರಾಯಿತು, ಅಥವಾ ಹೇಳುವುದೇ ಬೇಡ, ಮಕ್ಕಳಿಗೆ ಮೆಲ್ಲಗೆ ತಿದ್ದಿದರಾಯಿತು, ಅವರಿಗೆ ಯಾಕೆ ಗೊತ್ತಾಗಬೇಕು. ಒಳಗೆ ಮೈಲೇಶ ಅವಳನ್ನು ಕಂಡು ಸುಮ್ಮನಾದ. ಅವಳು ಏನೂ ಹೇಳಿರಲಿಲ್ಲ. ಸುಮ್ಮನೆ ಕಿಟಕಿಯ ಕಡೆ ನೋಡಿದ್ದಳು, ಅಷ್ಟೇ. ಮತ್ತೆ ಚಪ್ಪಲಿ ಮೆಟ್ಟಿ ಹೊರಗೆ ನಡೆದಳು.

ಸಣ್ಣ ಬಿಡುವಿನ ಗಂಟೆ ಬಾರಿಸಿತ್ತು. ಮಾಸ್ತರರು ಟಾಕಿಯ ನಳದಲ್ಲಿ ಕೈಗೆ ಮೆತ್ತಿದ ಬಳಪದ ಪುಡಿ ತೊಳೆಯುತ್ತಿದ್ದರು. ನಿರ್ಮಲಾ ಮೂರು ಮಾರು ದೂರದಲ್ಲೇ ನಿಂತು, ನಡುವೆ ತಡೆದರೆ ಮತ್ತೆ ಆಗುವುದಿಲ್ಲ ಎಂದು, ಒಂದೇ ಉಸಿರಿನಲ್ಲಿ ಹೇಳಿದಳು. “ಸರ, ಘಾಟಿಗೆ ಅಲ್ರಿ. ಹುಡುಗರು ಕಿವಿ ಮುಚ್ಚಿಕೊಂಡದ್ದು ನನ್ನಿಂದ್ರಿ. ಅತ್ತರ, ಮಲಗದಿದ್ರ, ಜಟ್ಟೆಪ್ಪ ಮಾಸ್ತರ ಬಂದು ಕಿವಿ ಹರೀತಾನ ಅಂತ ನಾನ ಹೇಳಿ ಅಂಜಸೇನ್ರಿ. ದಿನಾ ಹೇಳೇನಿ.”

ನಳ ಹರಿಯುತ್ತಲೇ ಇತ್ತು. ಮಾಸ್ತರರು ತಿರುಗಲಿಲ್ಲ. “ಯಾವಾಗಿಂದ್ರಿ?” ಎಂದರು.

“ನೀವು ಬಂದ ವರ್ಷದಿಂದ್ರಿ.”

“ಹನ್ನೊಂದು ವರ್ಷ.” ಅವರು ನಳ ಬಂದು ಮಾಡಿದರು. ಒದ್ದೆ ಕೈಗಳನ್ನು ಒರೆಸಿಕೊಳ್ಳದೆ ಹಾಗೆಯೇ ಮುಂದೆ ಹಿಡಿದು ನೋಡುತ್ತ ನಿಂತರು. “ಮೊದಲನೇ ವರ್ಷ ನನ್ನ ದನಿ ದೊಡ್ಡದಾತು ಅಂತ ತಿಳದೇನ್ರಿ. ಸಣ್ಣದು ಮಾಡಿದೆ. ಮರುವರ್ಷಾನೂ ಮುಚ್ಚಿಕೊಂಡ್ರು. ಮತ್ತಷ್ಟು ಸಣ್ಣದು ಮಾಡಿದೆ. ಮೀಸಿ ತಗಿಸಿದೆ. ಹ್ವಾದ ವರ್ಷ ತಪಾಸಣಿಗೆ ಬಂದವರು ಬರದ ಹ್ವಾದ್ರು, ಶಿಕ್ಷಕರ ಧ್ವನಿ ಮಕ್ಕಳಿಗೆ ಕೇಳಿಸುವುದಿಲ್ಲ ಅಂತ.” ಅವರು ನಕ್ಕ ಹಾಗೆ ಮಾಡಿದರು, ಆಗಲಿಲ್ಲ. “ನನ್ನ ಮಗಳನ್ನ ಬ್ಯಾಡಗಿಗೆ ಕೊಟ್ಟೇನಲ್ರಿ, ಅಕಿ ಕೂಸಿಗೆ ಈಗ ಒಂದೂವರಿ ವರ್ಷ. ಹೋದಾಗೊಮ್ಮೆ ಎತ್ತಿಕೋ ಅಪ್ಪಾ ಅಂತಾಳ. ಬ್ಯಾಡವಾ, ಕೈ ಹೊಲಸಾಗೇತಿ ಅಂತೇನಿ. ಕೂಸು ಎಲ್ಲಿ ಕಿವಿ ಮುಚ್ಚಿಕೊಂಡೀತೋ ಅಂತ ಅಂಜಿಕಿ.”

ಅವರು ಬೈದುಬಿಟ್ಟಿದ್ದರೆ, ಊರ ಮುಂದೆ ನಿಲ್ಲಿಸಿ ಕೇಳುತ್ತೇನೆ ಎಂದಿದ್ದರೆ, ನಿರ್ಮಲಾ ಅಳಬಹುದಿತ್ತು, ಕಾಲು ಹಿಡಿಯಬಹುದಿತ್ತು. ಇದಕ್ಕೆ ಏನು ಮಾಡುವುದು? “ತಪ್ಪಾತ್ರಿ ಸರ” ಎಂಬ ಮಾತು ಬಾಯಿಂದ ಬಂತು. ಬಂದು ನಳದ ಕೆಳಗಿನ ಕೆಸರಿನಲ್ಲಿ ಬಿದ್ದ ಹಾಗಾಯಿತು. ಮಾಸ್ತರರು ಕೊನೆಗೂ ಅವಳ ಕಡೆ ತಿರುಗಿದರು. ಕಣ್ಣುಗಳು ಕೆಂಪಾಗಿದ್ದವು. “ಸಿಟ್ಟು ಬಂದೈತ್ರಿ ಅಕ್ಕೋರ. ಸುಳ್ಳು ಯಾಕ ಹೇಳ್ಲಿ, ಭಾಳ ಬಂದೈತಿ. ಆದರ ಸಿಟ್ಟಿಗಿಂತ ಮೊದಲ ಬ್ಯಾರೆ ಏನೋ ಬಂತು. ಅದು ಏನಂತ ನನಗ ತಿಳೀವಲ್ದು.” ಮತ್ತೆ ತಮಗೇ ಹೇಳಿಕೊಂಡ ಹಾಗೆ, “ಹಂಗಾರ ಹುಡುಗರು ಅಂಜಿದ್ದು ನನ್ನ ಮಾರಿ ನೋಡಿ ಅಲ್ಲ” ಎಂದು, ಕೋಣೆಯ ಕಡೆ ನಡೆದುಬಿಟ್ಟರು.

ಮುಂದಿನ ಒಂದೂವರೆ ತಾಸು ಹೇಗೆ ಹೋಯಿತೋ ಅವಳಿಗೆ ನೆನಪಿಲ್ಲ. ಅನ್ನ ಬಡಿಸಿದಳು, ಯಾರದೋ ತಟ್ಟೆಗೆ ಎರಡು ಸಲ ಸಾರು ಹಾಕಿದಳು. ಅವರು ಹೆಡ್‌ಮಾಸ್ತರರ ಕೋಣೆಗೆ ಹೋದದ್ದು ಕಿಟಕಿಯಿಂದ ಕಂಡಿತು. ಅಲ್ಲಿಂದ ಇಲಾಖೆಗೆ, ಇಲಾಖೆಯಿಂದ ತರಬೇತಿಯ ಆ ಹುಡುಗಿಗೆ, ಅಲ್ಲಿಂದ ಚಪ್ಪಾಳೆ ಹೊಡೆದ ಅರವತ್ತು ಕೈಗಳಿಗೆ ಸುದ್ದಿ ಮುಟ್ಟುವುದನ್ನು ಅವಳು ಒಂದೊಂದಾಗಿ ಕಂಡಳು. ಆದರೆ ವಿಚಿತ್ರವೆಂದರೆ, ಆ ದಾರಿಯ ಕೊನೆ ಮುಟ್ಟಿ ನಿಂತಾಗ ಅಲ್ಲಿ ಅವಳು ಅಂದುಕೊಂಡಷ್ಟು ಕತ್ತಲೆ ಇರಲಿಲ್ಲ. ಶಾಲು ಮರಳಿ ಕೊಡಿ ಎಂದರೆ ಕೊಡಬಹುದು; ಅದು ಪೆಟ್ಟಿಗೆಯಲ್ಲಿ ಮಡಚಿಟ್ಟದ್ದು ಮಡಚಿಟ್ಟ ಹಾಗೇ ಇದೆ. ಹಾಳೆಗಳನ್ನು ತೆಗೆದು ಏಳರಲ್ಲೂ ‘ಹೌದು’ ಹೊಡೆದು ಹಾಕಿ ‘ಇಲ್ಲ’ ಎಂದು ಬರೆದಳು.

ಬಾಗಿಲಿಗೆ ನೆರಳು ಬಿತ್ತು. “ಒಳಗ ಬರಬಹುದೇನ್ರಿ?” ಎಂದರು ಜಟ್ಟೆಪ್ಪ ಮಾಸ್ತರರು. ಉಣ್ಣುತ್ತಿದ್ದ ಮಕ್ಕಳ ಎಂಜಲುಗೈಗಳು ಕಿವಿಗೆ ಹೋದವು. ದೀಪಿಕಾಳ ಕೂದಲಿಗೆ ಅನ್ನ ಮೆತ್ತಿತು. ಸಣ್ಣ ಬಾಗಿಲಿಗೆ ತಲೆ ತಗ್ಗಿಸಿ ಬಂದ ಮಾಸ್ತರರು ಮುಂದೆ ಬರದೆ ಹೊಸ್ತಿಲ ಬಳಿ ನೆಲದ ಮೇಲೆಯೇ ಕೂತರು. ಹೇಳಿ ಎಂಬಂತೆ ನಿರ್ಮಲಾಳನ್ನು ನೋಡಿದರು. ಬಸವಣ್ಣೆವ್ವ ಸೌಟು ಹಿಡಿದು ಬೆಪ್ಪಾಗಿ ನಿಂತಿದ್ದಳು. ಊರ ಮುಂದೆ ಹೇಳುವುದು ಇದಕ್ಕಿಂತ ಸುಲಭವಿತ್ತು ಎಂದು ನಿರ್ಮಲಾಗೆ ಅನ್ನಿಸಿತು. ಅವಳೂ ಮಕ್ಕಳ ನಡುವೆ ಕೂತಳು. “ಕೇಳ್ರಿಲ್ಲಿ. ನಾ ನಿಮಗ ಏನ ಹೇಳಿದ್ನಿ? ಮಾಸ್ತರು ಕಿವಿ ಹರೀತಾರ ಅಂತ ಹೇಳಿದ್ನಿಲ್ಲೋ? ಅದು ಸುಳ್ಳು. ಅವರು ಯಾರ ಕಿವೀನೂ ಹರದಿಲ್ಲ. ನಾ ಸುಳ್ಳ ಹೇಳಿದೆ.”

ಮಕ್ಕಳು ಮಾಸ್ತರರನ್ನು ಬಿಟ್ಟು ಅವಳನ್ನು ನೋಡತೊಡಗಿದರು. ಅಕ್ಕೋರು ಸುಳ್ಳು ಹೇಳುತ್ತಾರೆ ಎಂಬುದು ಕಿವಿ ಹೋಗುವುದಕ್ಕಿಂತ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಮೈಲೇಶ ಒಂದು ಕೈ ಇಳಿಸಿದ. “ಹಂಗಾರ ಟಾಕಿಯೊಳಗ ಹಾವು ಐತಿ ಅಂದಿದ್ರಲ್ರಿ?”

“ಅದೂ ಸುಳ್ಳು.”

“ಉಗಳಿದ್ರ ನಾಲಿಗಿ ಕರ್ರಗ ಆಕ್ಕೈತಿ ಅಂದಿದ್ರಿ?” ಎಂದಳು ದೀಪಿಕಾ.

“ಸುಳ್ಳು. ಆದರೂ ಉಗಳಬಾರ್ದು.”

“ಅನ್ನ ಬಿಟ್ರ ಪೊಲೀಸ ಗಾಡ್ಯಾಗ ಹಾಕ್ಕೊಂಡ ಹೊಕ್ಕಾನ ಅನ್ನೂದು?”

ಅದು ತಾನು ಹೇಳಿದ್ದಲ್ಲ. ನಿರ್ಮಲಾ ತಡವರಿಸುವಷ್ಟರಲ್ಲಿ ಒಲೆಯ ಕಡೆಯಿಂದ ದನಿ ಬಂತು: “ಅದು ನಂದ್ರಿ ಅಕ್ಕೋರ. ಅದನ್ನ ನಾ ಹೇಳಿದ್ದು.” ಬಸವಣ್ಣೆವ್ವ ಸೌಟಿನಿಂದಲೇ ಬಾಯಿ ಮುಚ್ಚಿಕೊಂಡಳು. ಮಾಸ್ತರರು ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾಗದೆ, ತಗಡಿನ ಸೂರು ಅದುರುವಷ್ಟು ಜೋರಾಗಿ. ಇಬ್ಬರು ಮಕ್ಕಳು ಬೆಚ್ಚಿದರು, ಮತ್ತೆ ಕಿವಿಗೆ ಕೈ ಹಾಕಿದರು. ಮೈಲೇಶ ಮಾತ್ರ ಆ ನಗುವಿನ ಮೂಲ ಹುಡುಕುವವನ ಹಾಗೆ ಅವರ ಬಾಯಿಯನ್ನೇ ನೋಡಿ, ತಾನೂ ಹಲ್ಲು ಕಿಸಿದ. ಪ್ರಶ್ನೆಗಳು ನಿಲ್ಲಲಿಲ್ಲ. ಉಗುರು ಕಚ್ಚಿದರೆ ಹೊಟ್ಟೆಯಲ್ಲಿ ಗಿಡ, ಮಲಗದಿದ್ದರೆ ಬೇವಿನ ಮರದ ಅಜ್ಜಿ, ಹಟ ಮಾಡಿದರೆ ಸೂಜಿ ಚುಚ್ಚುವ ನರ್ಸಮ್ಮ. ಇಷ್ಟೆಲ್ಲ ಯಾವಾಗ ಹೇಳಿದ್ದೆ ಎಂದು ಅವಳಿಗೇ ಗಾಬರಿ. ಸುಳ್ಳು, ಸುಳ್ಳು, ಅದೂ ಸುಳ್ಳು ಎನ್ನುತ್ತ ಹೋದ ಹಾಗೆ ಬೆನ್ನು ಒಂದೊಂದು ಗೇಣು ನೆಟ್ಟಗಾಗುತ್ತ ಬಂತು. ನರ್ಸಮ್ಮನ ಹತ್ತಿರ ಬಂದಾಗ ಮಾತ್ರ ತಡೆದು, “ಅದು ಅರ್ಧ ಖರೇ” ಎಂದಳು, “ಸೂಜಿ ಚುಚ್ಚತಾಳ. ಆದರ ಹಟ ಮಾಡಿದ್ದಕ್ಕ ಅಲ್ಲ.”

ಕಾವೇರಿ ತಟ್ಟೆ ಬದಿಗಿಟ್ಟು ಎದ್ದಳು. ಮಾಸ್ತರರ ಎದುರು ಹೋಗಿ ಒಂದು ಮಾರು ದೂರದಲ್ಲಿ ನಿಂತು ಅವರ ಕೈಗಳನ್ನು ಪರೀಕ್ಷಿಸಿದಳು. ಅವರು ಕೈ ಬೆನ್ನ ಹಿಂದೆ ಒಯ್ಯಲು ಹೊರಟವರು ತಡೆದು, ಮೊಣಕಾಲ ಮೇಲೆ ಅಂಗೈ ಮೇಲಾಗಿ ಇಟ್ಟರು. ಅವಳು ಇನ್ನೊಂದು ಹೆಜ್ಜೆ ಮುಂದೆ ಬಂದಳು. “ನಿಮ್ಮ ಸಾಲ್ಯಾಗ ಆನಿಗೆ ಬಾಲ ಬರೀಲಿಲ್ರಿ ನೀವು” ಎಂದಳು.

“ಹೌದಲ್ಲವಾ!” ಎಂದರು ಮಾಸ್ತರರು. “ಮರತೆ. ನಾಳೆ ಬಂದು ನೀನ ಬರೀತಿಯೇನ?”

ಕಾವೇರಿ ನಿರ್ಮಲಾಳ ಕಡೆ ತಿರುಗಿ ನೋಡಿದಳು. ನಿರ್ಮಲಾ, ಹೂಂ ಎಂದರೂ ಅದು ತನ್ನ ಮಾತಾಗುತ್ತದೆ ಎಂದು ಸುಮ್ಮನಿದ್ದಳು. “ಬರೀತೇನ್ರಿ” ಎಂದಳು ಕಾವೇರಿ.

ಹೊರಡುವಾಗ ಮಾಸ್ತರರು ಹೊಸ್ತಿಲಾಚೆ ನಿಂತು, ಮಕ್ಕಳಿಗೆ ಕೇಳದಷ್ಟು ಮೆಲ್ಲಗೆ, “ಈ ವರ್ಷದಿಂದ ಒಂದನೇ ಕ್ಲಾಸು ಬ್ಯಾಡ, ನಾಕನೇ ಕ್ಲಾಸು ಕೊಡ್ರಿ ಅಂತ ಹೆಡ್‌ಮಾಸ್ತರಿಗೆ ಬರದ ಕೊಟ್ಟಿದ್ನಿ. ಈಗ ಹೋಗಿ ಆ ಕಾಗದ ವಾಪಸ್ ತಗೊಂಡ ಬಂದೆ” ಎಂದರು. ದೂರು ಕೊಡಲು ಹೋದವರಲ್ಲ. ಅವಳು ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು. “ಸಿಟ್ಟು ಇನ್ನೂ ಐತ್ರಿ. ಇರ್ಲಿ ಅದು, ಹೊಕ್ಕೈತಿ ತಾನ. ಐತವಾರ ಬ್ಯಾಡಗಿಗೆ ಹೋಗಿ ಬರ್ತೇನಿ.” ಬಯಲಿನ ಮೆಣಸಿನಕಾಯಿಯ ಅಂಚು ಹಿಡಿದು ಹೋಗುವಾಗ ಅವರು ಕಂಪೌಂಡಿನ ಹತ್ತಿರ ಆಡುತ್ತಿದ್ದ ಯಾರನ್ನೋ ಹೆಸರು ಹಿಡಿದು ಕೂಗಿದರು. ಆ ದನಿ ಅವರಿಗೇ ಹೊಸದಾದಂತೆ ನಡುವೆ ಒಡೆಯಿತು. ಕೆಮ್ಮಿ, ಮತ್ತೊಮ್ಮೆ ಕೂಗಿದರು.

ಮಲಗುವ ಹೊತ್ತಾಯಿತು. ಚಾಪೆ ಹಾಸಿದರು, ಕಿಟಕಿ ಮುಚ್ಚಿದರು. ಮಕ್ಕಳು ಮಲಗಲಿಲ್ಲ. ಹೊರಳಿದರು, ಪಿಸುಗುಟ್ಟಿದರು, ಒಬ್ಬರನ್ನೊಬ್ಬರು ಒದ್ದರು, ಯಾವುದು ಸುಳ್ಳು ಯಾವುದು ಖರೇ ಎಂದು ದನಿ ಏರಿಸಿ ವಾದಕ್ಕಿಳಿದರು. “ಈಗ ಇವರನ್ನ ಹೆಂಗ ಮಲಗಸೂದ್ರಿ?” ಎಂದಳು ಬಸವಣ್ಣೆವ್ವ, ಆಯುಧ ಕಳಕೊಂಡವಳ ದನಿಯಲ್ಲಿ. “ಗೊತ್ತಿಲ್ಲ” ಎಂದಳು ನಿರ್ಮಲಾ. ಖರೇ ಅವಳಿಗೆ ಗೊತ್ತಿರಲಿಲ್ಲ. ಈ ಗದ್ದಲದಲ್ಲಿ ಮೇಲ್ವಿಚಾರಕಿ ಬಂದರೆ ಬರಲಿ. ಹಾಡಿದರೆ ಮಲಗುತ್ತವೋ, ತಟ್ಟಿದರೆ ಮಲಗುತ್ತವೋ, ನಾಳೆಯಿಂದ ಒಂದೊಂದೇ ನೋಡಬೇಕು. ಮೈಲೇಶನ ಬೆನ್ನು ತಟ್ಟುತ್ತ ಅವನ ಪಕ್ಕದಲ್ಲಿ ಒಂದು ಗಳಿಗೆ ಎಂದು ಒರಗಿದಳು. ಚಾಪೆ ತಣ್ಣಗಿತ್ತು. ಬೆಳಗಿನಿಂದ, ಅಲ್ಲ, ಅದಕ್ಕೂ ಬಹಳ ಹಿಂದಿನಿಂದ ಬಿಗಿಹಿಡಿದ ಭುಜಗಳು ನೆಲಕ್ಕೆ ತಾಗಿದವು. ಸುತ್ತ ಹದಿನೆಂಟು ಮಕ್ಕಳ ಸದ್ದು ಹತ್ತಿರ ಬಂದು, ದೂರ ಹೋಗಿ, ಮತ್ತೆ ಬಂದು, ಆಮೇಲೆ ಇಲ್ಲವಾಯಿತು.

ಎಚ್ಚರವಾದಾಗ ಮೂರೂವರೆ ದಾಟಿತ್ತು. ಗಾಬರಿಯಿಂದ ಎದ್ದು ಕೂತು ತಲೆ ಎಣಿಸಿದಳು. ಎಲ್ಲರೂ ಇದ್ದರು. ಮಕ್ಕಳಲ್ಲಿ ಯಾರೂ ಮಲಗಿರಲಿಲ್ಲ. ಮಲಗಿದವರೆಂದರೆ ಅವಳು ಮತ್ತು ಬಾಗಿಲಿಗೆ ಒರಗಿದ ಬಸವಣ್ಣೆವ್ವ. ಮೈಲೇಶ ಅವಳ ಮುಖದ ಮುಂದೆಯೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ.

“ಅಕ್ಕೋರ, ನೀವು ಗೊರಕಿ ಹೊಡದ್ರಿ.”

ನಿರ್ಮಲಾ ಸೆರಗು ಸರಿಮಾಡಿಕೊಂಡಳು. “ಜೋರಾಗಿ?”

“ಭಾಳ ಜೋರಾಗ್ರಿ.”

ಅವಳು ತಡೆದು ಕೇಳಿದಳು, “ಅಂಜಿಕಿ ಬಂತೇನೋ?”

ಮೈಲೇಶ ನೆನಪು ಮಾಡಿಕೊಳ್ಳುವವನ ಹಾಗೆ ಮೇಲೆ ನೋಡಿದ. “ಇಲ್ರಿ. ನಾವೂ ಎಲ್ಲಾರೂ ಹೊಡದ್ವಿ.”